ಮಗುವಿಗೆ ಕಾಟ್ ತಗೋಬೇಕು. ಏನು ನೋಡಬೇಕು, ಏನು ಬಿಡಬೇಕು?

ಮಳೆಹನಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೀಗ ಏಳನೇ ತಿಂಗಳು. ಮಗುವಿಗೆ ಕಾಟ್ ನೋಡುತ್ತಿದ್ದೇವೆ. ನೋಡಿದಷ್ಟೂ ಗೊಂದಲವೇ ಜಾಸ್ತಿ ಆಗುತ್ತಿದೆ. ಒಂದರಲ್ಲಿ ಸುತ್ತಲೂ ದಪ್ಪ ಪ್ಯಾಡ್, ಇನ್ನೊಂದಕ್ಕೆ ಚಕ್ರ, ಮತ್ತೊಂದು ಮಗು ದೊಡ್ಡದಾದ ಮೇಲೆ ಮಂಚವೇ ಆಗುತ್ತದಂತೆ.

ಕೇಳಬೇಕಾದ್ದು ಇಷ್ಟು. ಬರೀ ಕಾಟ್ ಸಾಕಾ, ಇಲ್ಲ ಮಂಚವಾಗಿ ಬದಲಾಗುವ ಕಾಟ್ ಬೆಡ್ಡೇ ಬೇಕಾ? ಅತ್ತಿಗೆ ತಮ್ಮ ಮಕ್ಕಳು ಮಲಗಿದ ಹಳೇ ಕಾಟ್ ಕೊಡುತ್ತೇನೆ ಅಂದಿದ್ದಾರೆ, ಹಾಸಿಗೆ ಸಮೇತ. ಅದರ ಒಂದು ಪಕ್ಕ ಮೇಲೆ ಕೆಳಗೆ ಜಾರುತ್ತದೆ. ಬಗ್ಗಿ ಮಗು ಎತ್ತಿಕೊಳ್ಳಲು ತುಂಬಾ ಸುಲಭ ಅನ್ನುತ್ತಾರೆ. ಬೇಡ ಅನ್ನಲು ಕಾರಣ ಇದೆಯಾ? ಆಮೇಲೆ ಹಾಸಿಗೆ. ಮನೆಯಲ್ಲಿ ಎಲ್ಲರೂ ಮೆತ್ತಗಿರಲಿ ಅನ್ನುತ್ತಾರೆ. ಅಂಗಡಿಯಲ್ಲಿ ಕೈಯಿಟ್ಟು ನೋಡಿದರೆ ಮಕ್ಕಳ ಹಾಸಿಗೆ ಹಲಗೆ ಥರ ಗಟ್ಟಿ. ಅಷ್ಟು ಗಟ್ಟಿ ಹಾಸಿಗೆ ಮೇಲೆ ಮಗುವಿಗೆ ಹಿತವಾಗಿ ನಿದ್ದೆ ಬರುತ್ತಾ?


ಉಳಿಸುತ್ತಿಗೆ · ಸೋಮವಾರ ರಾತ್ರಿ 10:15

ತಂಗೀ, ಹಳೇ ಕಾಟಿನ ಮಾತು ಮೊದಲು ಮುಗಿಸೋಣ. ಅದು ಬೇಡ. ನಾನು ಮರದ ಸಾಮಾನು ಮಾಡುವವನು. ಜಾರುವ ಪಕ್ಕ ಇರುವ ಕಾಟ್ ರಿಪೇರಿಗೆ ಬಂದರೂ ಮುಟ್ಟುವುದಿಲ್ಲ.

ಕಾರಣ ಹೇಳುತ್ತೇನೆ. ಆ ಪಕ್ಕ ನಿಂತಿರುವುದು ಮೂಲೆಯ ಚಿಕ್ಕ ಚಿಕ್ಕ ಕ್ಲಿಪ್ ಮತ್ತು ಜಾಡಿನ ಮೇಲೆ. ಬಹುಪಾಲು ಪ್ಲಾಸ್ಟಿಕ್. ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸಿ ಅದು ಸವೆಯುತ್ತದೆ. ಒಂದು ಮೂಲೆಯಲ್ಲಿ ಕಳಚಿಕೊಂಡರೆ ಪಕ್ಕ ಪೂರ್ತಿ ಬೀಳುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಹಾಸಿಗೆಗೂ ಅದಕ್ಕೂ ನಡುವೆ ಸಂದು ಬಿಡುತ್ತದೆ. ಮಗು ಹೊರಳಿಕೊಂಡು ಬಂದು ಆ ಸಂದಿನಲ್ಲಿ ಇಳಿದರೆ ಸಿಕ್ಕಿಬೀಳುತ್ತದೆ. ಕೂಗಲೂ ಆಗುವುದಿಲ್ಲ. ಅಮೆರಿಕದಲ್ಲಿ 2011ರ ಜೂನ್ 28ರಿಂದ ಈ ಥರದ ಕಾಟ್ ಮಾಡುವುದಕ್ಕೂ ಮಾರುವುದಕ್ಕೂ ನಿಷೇಧ ಇದೆ. ಹಳೆಯದನ್ನು ಇನ್ನೊಬ್ಬರಿಗೆ ಮಾರುವಂತೆಯೂ ಇಲ್ಲ. 2000ದಿಂದ ಈಚೆಗೆ ಕನಿಷ್ಠ 32 ಶಿಶುಗಳ ಸಾವಿಗೂ ಈ ಜಾರುವ ಪಕ್ಕಕ್ಕೂ ಸಂಬಂಧ ಇದೆ ಎಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲೇ ಹೇಳಿತ್ತು.

ಅತ್ತಿಗೆಯವರ ಮಕ್ಕಳಿಗೆ ಏನೂ ಆಗಲಿಲ್ಲ, ಸಂತೋಷ. ಆಗ ಆ ಕ್ಲಿಪ್‌ಗಳು ಹೊಸದಾಗಿದ್ದವು. ಈಗ ಹಾಗಿಲ್ಲ.


ನಿದ್ದೆಗೆಟ್ಟಪ್ಪ · ಸೋಮವಾರ ರಾತ್ರಿ 10:32

ಅಣ್ಣಾ, ಆ ಪಕ್ಕಕ್ಕೆ ನಾಲ್ಕು ಸ್ಕ್ರೂ ಹೊಡೆದು ಜಾರದ ಹಾಗೆ ಮಾಡಿಬಿಟ್ಟರೆ? ಸುಮ್ನೆ ಒಳ್ಳೇ ಮರ ಯಾಕೆ ಹಾಳು ಮಾಡೋದು ಅಂತ ಕೇಳಿದೆ ಅಷ್ಟೇ.


ಉಳಿಸುತ್ತಿಗೆ · ಸೋಮವಾರ ರಾತ್ರಿ 10:50

ಎಲ್ಲರೂ ಕೇಳುವ ಪ್ರಶ್ನೆಯೇ. ಆ ಚೌಕಟ್ಟನ್ನು ಜಾರಲಿ ಅಂತಲೇ ಮಾಡಿರುತ್ತಾರೆ. ಮಗು ಕಂಬಿ ಹಿಡಿದು ನಿಂತು ಅಲುಗಾಡಿಸಿದಾಗ ಬೀಳುವ ಭಾರ ನೀವು ಹೊಡೆದ ಸ್ಕ್ರೂ ಮೇಲೆ ಬರುತ್ತದೆ. ಮರ ಅಲ್ಲೇ ಸೀಳುತ್ತದೆ. ಒಳಗಡೆ ಒತ್ತುಹಲಗೆ, ಅಂದರೆ ಮರದ ಪುಡಿ ಅಂಟಿಸಿ ಒತ್ತಿ ಮಾಡಿದ ಹಲಗೆ, ಇದ್ದರಂತೂ ಸ್ಕ್ರೂ ತೂತು ಪುಡಿಪುಡಿ ಆಗುತ್ತದೆ. ಆ ಮರದಲ್ಲಿ ಪುಸ್ತಕದ ಶೆಲ್ಫ್ ಮಾಡಿಸಿ. ಕಾಟ್ ಬೇಡ.

ಹೊಸದು ತಗೊಳ್ಳುವಾಗ ಜೇಬಿನಲ್ಲಿ ಒಂದು ಟೇಪು ಇರಲಿ. ಬಣ್ಣ, ಗೊಂಬೆ ಚಿತ್ರ ಎಲ್ಲ ಆಮೇಲೆ. ಮೊದಲು ಕಂಬಿಗಳ ನಡುವಿನ ಜಾಗ ಅಳೆಯಿರಿ. ಅಮೆರಿಕದ ಲೆಕ್ಕದಲ್ಲಿ 6 ಸೆಂಟಿಮೀಟರ್ ದಾಟಬಾರದು. ಯುರೋಪಿನಲ್ಲಿ 4.5ರಿಂದ 6.5 ಸೆಂಟಿಮೀಟರ್ ಒಳಗೆ ಇರಬೇಕು. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಕೂಸಿನ ಸೊಂಟ ತಲೆಗಿಂತ ಸಣ್ಣದು. ಕಾಲು ತೂರುತ್ತದೆ, ಸೊಂಟ ತೂರುತ್ತದೆ, ತಲೆ ಮಾತ್ರ ಒಳಗೇ ಸಿಕ್ಕಿಕೊಂಡು ಮಗು ಹೊರಗೆ ನೇತಾಡುತ್ತದೆ. ಟೇಪು ಇಲ್ಲದಿದ್ದರೆ ತಂಪು ಪಾನೀಯದ ಡಬ್ಬಿ ಹಿಡಿದು ನೋಡಿ. ಅದು ಕಂಬಿ ನಡುವೆ ತೂರಿದರೆ ಜಾಗ ಜಾಸ್ತಿ ಆಯಿತು ಅಂತಲೇ. ಅಗಲದ ಡಬ್ಬಿ ಹೇಳುತ್ತಿದ್ದೇನೆ, ಈಗ ಬರುವ ಉದ್ದನೆಯ ಸಪೂರ ಡಬ್ಬಿ ಅಲ್ಲ.

ಒಂದೊಂದು ಕಂಬಿಯನ್ನೂ ಹಿಡಿದು ತಿರುಗಿಸಿ. ತಿರುಗಿದರೆ, ಅಲುಗಿದರೆ, ಅಂಟು ಸರಿ ಕೂತಿಲ್ಲ. ಒಂದು ಕಂಬಿ ಕಳಚಿಬಿದ್ದರೆ 6 ಇದ್ದದ್ದು 12ಕ್ಕೂ ಹೆಚ್ಚಾಗುತ್ತದೆ.

ನಾಲ್ಕು ಮೂಲೆಯ ಕಂಬಗಳು ಮೇಲಿನ ಅಂಚಿಗೆ ಸಮ ಇರಬೇಕು. ಗುಂಡಿ, ಕಳಶದ ಥರ ಏನೂ ಎದ್ದಿರಬಾರದು. ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಎದ್ದರೂ ಅಂಗಿಯ ಕತ್ತು ಸಿಕ್ಕಿಕೊಳ್ಳುತ್ತದೆ ಅನ್ನುವುದು ನಿಯಮ. ತಲೆ ಕಡೆಯ ಹಲಗೆಯಲ್ಲಿ ಚಂದ್ರ, ನಕ್ಷತ್ರ, ಹೃದಯ ಅಂತ ಕೊರೆದು ತೂತು ಮಾಡಿರುತ್ತಾರೆ ನೋಡಿ, ಅದೂ ಬೇಡ. ಕೈಯೋ ತಲೆಯೋ ಸಿಕ್ಕುತ್ತದೆ. ನಮ್ಮ ಕಸುಬಿನವರಿಗೆ ಅದನ್ನು ಕೊರೆಯುವುದು ಖುಷಿಯ ಕೆಲಸ, ಹಾಗಾಗಿ ಬೇಸರದಿಂದಲೇ ಹೇಳುತ್ತಿದ್ದೇನೆ.


ರಾತ್ರಿಪಾಳಿ · ಮಂಗಳವಾರ ಬೆಳಿಗ್ಗೆ 7:20

ಪಾಳಿ ಮುಗಿಸಿ ಬಂದು ಓದಿದೆ. ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಹಾಸಿಗೆಯ ಬಗ್ಗೆ ನಾನು ಹೇಳುತ್ತೇನೆ.

ಮಳೆಹನಿ ಅವರೇ, ಗಟ್ಟಿ ಇರುವುದೇ ಸರಿ. ನಮಗೆ ಮೆತ್ತಗಿದ್ದರೆ ಹಿತ. ನಮಗೆ ಸೊಂಟ ನೋವು, ಭುಜ ನೋವು ಇರುತ್ತದೆ. ನಾಲ್ಕು ಕಿಲೋ ತೂಗುವ ಕೂಸಿಗೆ ಅದೆಲ್ಲ ಇಲ್ಲ. ಅದರ ಕಷ್ಟ ಬೇರೆ. ಮೆತ್ತಗಿನ ಹಾಸಿಗೆಯಲ್ಲಿ ಮುಖ ಹೂತರೆ ತಲೆ ಎತ್ತಿ ಪಕ್ಕಕ್ಕೆ ತಿರುಗಿಸುವಷ್ಟು ಕತ್ತಿಗೆ ಬಲ ಇರುವುದಿಲ್ಲ. ಬಿಟ್ಟ ಉಸಿರು ಮೂಗಿನ ಸುತ್ತ ಇರುವ ಗುಳಿಯಲ್ಲೇ ನಿಲ್ಲುತ್ತದೆ. ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ದೊಡ್ಡವರಾದರೆ ಎಚ್ಚರ ಆಗುತ್ತದೆ. ಕೆಲವು ಕೂಸುಗಳಿಗೆ ಎಚ್ಚರವೇ ಆಗುವುದಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಹಾಸಿಗೆಯ ನಡುವೆ, ಆಮೇಲೆ ಅಂಚಿನಲ್ಲಿ ಅಂಗೈ ಊರಿ ಒತ್ತಿ. ಕೈ ತೆಗೆದ ಕೂಡಲೇ ಮೊದಲಿನ ಹಾಗೆ ಆಗಬೇಕು. ಕೈಯಚ್ಚು ಉಳಿದರೆ ಬೇಡ. ಮೆಮೊರಿ ಫೋಮ್ ಇದೇ ಕಾರಣಕ್ಕೆ ಮಕ್ಕಳಿಗೆ ಆಗಲ್ಲ. ಕೆಲವು ಹಾಸಿಗೆಗಳಿಗೆ ಎರಡು ಮುಖ ಇರುತ್ತದೆ, ಒಂದು ಗಟ್ಟಿ ಒಂದು ಸ್ವಲ್ಪ ಮೆತ್ತಗೆ. ಮೊದಲ ವರ್ಷ ಗಟ್ಟಿ ಮುಖವೇ ಮೇಲಿರಲಿ.

ಹಾಸಿಗೆ ಕಾಟಿಗೆ ಬಿಗಿಯಾಗಿ ಕೂರಬೇಕು. ಪಕ್ಕದಲ್ಲಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇದ್ದರೆ ಆ ಹಾಸಿಗೆ ಆ ಕಾಟಿನದ್ದಲ್ಲ. ಸಂದಿಗೆ ಬಟ್ಟೆ ಮಡಿಸಿ ತುಂಬುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ಮೇಲೆ ಒಂದು ಬಿಗಿ ಬೆಡ್‌ಶೀಟ್, ಅಷ್ಟೇ. ದಿಂಬು ಬೇಡ, ರಜಾಯಿ ಬೇಡ, ಗೊಂಬೆ ಬೇಡ.


ನಿದ್ದೆಗೆಟ್ಟಪ್ಪ · ಮಂಗಳವಾರ ಬೆಳಿಗ್ಗೆ 8:05

ಸಿಸ್ಟರ್, ಸುತ್ತಲಿನ ಪ್ಯಾಡ್ ಆದರೂ ಇರಲಿ ಅಲ್ವಾ? ನಮ್ಮ ಮಗಳು ರಾತ್ರಿಯೆಲ್ಲ ಹೊರಳಿ ಹೊರಳಿ ಕಂಬಿಗೆ ತಲೆ ಕುಟ್ಟಿಕೊಳ್ಳುತ್ತಾಳೆ. ಒಮ್ಮೆ ಕಾಲು ಕಂಬಿಯಲ್ಲಿ ಸಿಕ್ಕಿ ಮನೆಯೇ ಎದ್ದು ಕೂತಿತ್ತು. ಎಲ್ಲದಕ್ಕೂ ಬೇಡ ಬೇಡ ಅಂದರೆ ಮಗುವನ್ನು ಜೈಲಿನಲ್ಲಿ ಇಟ್ಟ ಹಾಗೆ ಕಾಣುತ್ತದೆ.


ರಾತ್ರಿಪಾಳಿ · ಮಂಗಳವಾರ ಬೆಳಿಗ್ಗೆ 8:30

ತಲೆ ಕುಟ್ಟಿದರೆ ಅಳು ಬರುತ್ತದೆ, ಹೆಚ್ಚೆಂದರೆ ಕೆಂಪಗಾಗುತ್ತದೆ. ಕಾಲು ಸಿಕ್ಕಿದರೂ ಅಳುತ್ತದೆ, ನೀವು ಎದ್ದು ಬಿಡಿಸುತ್ತೀರಿ. ಪ್ಯಾಡಿಗೂ ಹಾಸಿಗೆಗೂ ನಡುವೆ ಮುಖ ಸಿಕ್ಕಿದರೆ ಸದ್ದೇ ಬರುವುದಿಲ್ಲ. ಅಪ್ಪಾ, ನಿದ್ದೆ ಕೆಡುವುದು ನಿಮ್ಮ ಹೆಸರಿನಲ್ಲೇ ಇದೆ, ಅದನ್ನು ತಡೆದುಕೊಳ್ಳಬಹುದು.

ಪ್ಯಾಡಿನ ದಾರ ಕತ್ತಿಗೆ ಸುತ್ತಿಕೊಂಡದ್ದೂ ಇದೆ. ಮಗು ನಿಲ್ಲಲು ಕಲಿತ ಮೇಲೆ ಅದೇ ಪ್ಯಾಡ್ ಮೇಲೆ ಕಾಲಿಟ್ಟು ಹೊರಗೆ ಹಾರುವುದೂ ಇದೆ. ಅಮೆರಿಕದಲ್ಲಿ 2022ರಲ್ಲಿ ಇದಕ್ಕೆಂದೇ ಕಾನೂನು ತಂದು ಪ್ಯಾಡ್ ಮಾರಾಟ ನಿಲ್ಲಿಸಿದರು. ಜಾಲರಿಯ ತೆಳು ಲೈನರ್ ಆ ನಿಷೇಧದಲ್ಲಿ ಸೇರಿಲ್ಲ, ಆದರೂ ನಾನು ಹಾಕಿ ಅನ್ನುವುದಿಲ್ಲ. ಅದರ ಕಟ್ಟು ಸಡಿಲ ಆದರೆ ಮತ್ತೆ ಅದೇ ಕಥೆ.

ಕಾಲು ಸಿಕ್ಕುವುದು ತಪ್ಪಬೇಕಾದರೆ ತೊಡುವ ಚೀಲದ ಹೊದಿಕೆ, ಅದೇ ಸ್ಲೀಪಿಂಗ್ ಬ್ಯಾಗ್, ಹಾಕಿ ನೋಡಿ. ಕತ್ತು, ಕಂಕುಳು ಅಳತೆಗೆ ಸರಿ ಇರಬೇಕು. ದೊಡ್ಡದಾದರೆ ಮಗು ಒಳಗೆ ಜಾರುತ್ತದೆ. ದಪ್ಪಕ್ಕೆ ಟಾಗ್ ಅಂತ ಅಂಕಿ ಬರೆದಿರುತ್ತಾರೆ. ಸೆಕೆಗೆ 0.5, ಚಳಿಗೆ 2.5. ಭಾರ ತುಂಬಿದ ಚೀಲಗಳು ಬಂದಿವೆ, ಮಗು ಬೇಗ ಮಲಗುತ್ತೆ ಅಂತ ಮಾರುತ್ತಾರೆ. ಅದನ್ನು ಮಾತ್ರ ಮುಟ್ಟಬೇಡಿ.


ಶಾಂತಕ್ಕ · ಮಂಗಳವಾರ ಮಧ್ಯಾಹ್ನ 1:10

ಎಲ್ಲ ಓದಿದೆ. ನನಗೆ ಮೂರು ಮಕ್ಕಳು, ಐದು ಮೊಮ್ಮಕ್ಕಳು. ಎಲ್ಲರೂ ಮೆತ್ತನೆ ಹಾಸಿಗೆ ಮೇಲೆ, ದಿಂಬಿಟ್ಟುಕೊಂಡೇ ಮಲಗಿದವರು. ಬೋರಲು ಮಲಗಿಸಿದರೆ ಗಾಢ ನಿದ್ದೆ ಬರುತ್ತದೆ ಅಂತ ನಮಗೆ ಆಗ ಡಾಕ್ಟರೇ ಹೇಳಿದ್ದರು. ಅಂಗಾತ ಮಲಗಿಸಿದರೆ ತಲೆ ಹಿಂದೆ ಚಪ್ಪಟೆ ಆಗಲ್ವಾ? ಹಾಲು ಕಕ್ಕಿದರೆ ನೆತ್ತಿಗೆ ಹತ್ತಲ್ವಾ? ಈಗಿನವರು ತುಂಬಾ ಹೆದರುತ್ತೀರಿ ಅನಿಸುತ್ತದೆ ಕಣಮ್ಮ.


ರಾತ್ರಿಪಾಳಿ · ಮಂಗಳವಾರ ಮಧ್ಯಾಹ್ನ 3:45

ಅಮ್ಮಾ, ನಿಮಗೆ ಡಾಕ್ಟರ್ ಹಾಗೆ ಹೇಳಿದ್ದು ನಿಜವೇ ಇರುತ್ತದೆ. ಆಗ ಎಲ್ಲ ಕಡೆ ಹಾಗೇ ಹೇಳುತ್ತಿದ್ದರು. ಬೋರಲು ಮಲಗಿದರೆ ನಿದ್ದೆ ಗಾಢ ಅನ್ನುವುದೂ ನಿಜ. ತೊಂದರೆಯೇ ಅಲ್ಲಿರುವುದು, ಉಸಿರು ಕಟ್ಟಿದಾಗ ಎಚ್ಚರ ಆಗಬೇಕಲ್ಲ.

1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡದಾಗಿ ಪ್ರಚಾರ ಮಾಡಿದರು. ಆ ದಶಕ ಮುಗಿಯುವಷ್ಟರಲ್ಲಿ ಅಮೆರಿಕದಲ್ಲಿ ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಮಲಗಿಸುವ ರೀತಿ ಬದಲಾಯಿತು.

ಹಾಲಿನ ವಿಷಯ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ ಇರುತ್ತದೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಮೇಲೆ ಹತ್ತಿ ಉಸಿರಿನ ಕೊಳವೆಗೆ ಹೋಗಬೇಕು. ಬೋರಲು ಮಲಗಿದರೆ ಉಸಿರಿನ ಕೊಳವೆಯೇ ಕೆಳಗೆ ಬರುತ್ತದೆ. ಅಂದರೆ ಅಂಗಾತವೇ ವಾಸಿ. ಅದಕ್ಕೇ ಹಾಸಿಗೆಯ ತಲೆ ಕಡೆ ಎತ್ತರಿಸುವುದೂ ಬೇಡ. ಓರೆ ಹಾಸಿಗೆಯಲ್ಲಿ ಮಗು ಕೆಳಗೆ ಜಾರಿ, ಗಲ್ಲ ಎದೆಗೆ ತಾಗಿ ಗಂಟಲು ಮುಚ್ಚಿಕೊಳ್ಳುತ್ತದೆ. 10 ಡಿಗ್ರಿಗಿಂತ ಹೆಚ್ಚು ಓರೆ ಇರುವ ಯಾವುದರಲ್ಲೂ ಮಗುವನ್ನು ನಿದ್ದೆಗೆ ಬಿಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಹೇಳಿದೆ. ಕಾರಿನ ಸೀಟಿನಲ್ಲಿ ನಿದ್ದೆ ಹೋದರೆ ಮನೆಗೆ ಬಂದ ಕೂಡಲೇ ಎತ್ತಿ ಕಾಟಿನಲ್ಲಿ ಮಲಗಿಸಿ.

ತಲೆ ಚಪ್ಪಟೆಯ ಚಿಂತೆ ನ್ಯಾಯವಾದದ್ದೇ. ಅದಕ್ಕೆ ದಿಂಬು ಪರಿಹಾರ ಅಲ್ಲ. ಎಚ್ಚರ ಇದ್ದಾಗ, ನೀವು ಎದುರಿಗೇ ಕೂತು, ಬೋರಲು ಹಾಕಿ ಆಡಿಸಿ. ಕತ್ತಿಗೂ ಬಲ ಬರುತ್ತದೆ. ಕಾಟಿನಲ್ಲಿ ಒಂದು ದಿನ ಈ ಕಡೆಗೆ ತಲೆ, ಮರುದಿನ ಆ ಕಡೆಗೆ ತಲೆ ಮಾಡಿ ಮಲಗಿಸಿ. ಬಾಗಿಲಿನ ಕಡೆ ನೋಡಲು ಮಗು ಬೇರೆ ಬೇರೆ ಪಕ್ಕಕ್ಕೆ ತಲೆ ತಿರುಗಿಸುತ್ತದೆ. ಆದರೂ ಚಪ್ಪಟೆ ಜಾಸ್ತಿ ಕಂಡರೆ ಡಾಕ್ಟರಿಗೆ ತೋರಿಸಿ.


ಶಾಂತಕ್ಕ · ಮಂಗಳವಾರ ಸಂಜೆ 5:00

ಉಸಿರಿನ ಕೊಳವೆ ಮೇಲೆ ಅನ್ನುವುದು ಗೊತ್ತಿರಲಿಲ್ಲ. ಸೊಸೆ ಇದನ್ನೇ ಹೇಳಿದ್ದಳು, ಆದರೆ ಯಾಕೆ ಅಂತ ಹೇಳಲಿಲ್ಲ. ಮೊಮ್ಮಗು ತಾನೇ ಮಗುಚಿಕೊಂಡು ಬೋರಲಾದರೆ ರಾತ್ರಿಯಿಡೀ ಕಾಯುತ್ತಾ ಕೂರಬೇಕಾ?


ರಾತ್ರಿಪಾಳಿ · ಮಂಗಳವಾರ ಸಂಜೆ 5:20

ಬೇಡಮ್ಮ. ಎರಡೂ ಕಡೆಗೆ ತಾನೇ ಹೊರಳಲು ಬಂದ ಮೇಲೆ ನೀವು ಮಲಗಿಸುವಾಗ ಅಂಗಾತ ಮಲಗಿಸಿ. ಆಮೇಲೆ ಅದು ಹೇಗೆ ಬೇಕಾದರೂ ತಿರುಗಲಿ. ಹೊರಳುವ ಲಕ್ಷಣ ಕಂಡ ದಿನವೇ ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತುವುದನ್ನು ನಿಲ್ಲಿಸಿಬಿಡಿ. ಕೈ ಬಿಡುವಾಗಿಲ್ಲದಿದ್ದರೆ ಬೋರಲಾದ ಮಗುವಿಗೆ ತಲೆ ಎತ್ತಲು ಆಗುವುದಿಲ್ಲ.


ಎರಡುಜಡೆ · ಮಂಗಳವಾರ ರಾತ್ರಿ 9:15

ಅವಳಿ ಹೆಣ್ಣುಮಕ್ಕಳ ಅಮ್ಮ ಇಲ್ಲಿ. ಕಾಟಾ, ಕಾಟ್ ಬೆಡ್ಡಾ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಸಾಮಾನ್ಯವಾಗಿ ಕಾಟಿನ ಹಾಸಿಗೆ 120ಕ್ಕೆ 60 ಸೆಂಟಿಮೀಟರ್. ಕಾಟ್ ಬೆಡ್ಡಿನದ್ದು 140ಕ್ಕೆ 70. ಕೇಳಲು ಇಷ್ಟೇನಾ ಅನಿಸುತ್ತದೆ. ಮಂಚ, ಕಪಾಟು ಎಲ್ಲ ಇರುವ ಕೋಣೆಯಲ್ಲಿ ಇಟ್ಟು ನೋಡಿ, ಆಗ ಕಪಾಟಿನ ಬಾಗಿಲು ತೆರೆಯಲ್ಲ. ತಗೊಳ್ಳುವ ಮೊದಲು ನೆಲದ ಮೇಲೆ ಹಳೇ ಪೇಪರ್ ಹಾಸಿ ಅಷ್ಟು ಜಾಗ ಗುರುತು ಮಾಡಿ. ಹೊರಗಿನ ಚೌಕಟ್ಟಿಗೆ ಇನ್ನೂ ನಾಲ್ಕೈದು ಸೆಂಟಿಮೀಟರ್ ಸೇರಿಸಿ. ಎರಡು ದಿನ ಅದರ ಸುತ್ತ ಓಡಾಡಿ.

ಕಾಟ್ ಬೆಡ್ಡಿನ ಲಾಭ ಅಂದರೆ, ಪಕ್ಕದ ಕಂಬಿ ತೆಗೆದರೆ ಚಿಕ್ಕ ಮಂಚ. ಮಗುವಿಗೆ ನಾಲ್ಕೈದು ವರ್ಷ ಆಗುವವರೆಗೂ ಬರುತ್ತದೆ. ಆದರೆ ಅಂಗಡಿಯವರು ಹೇಳದ ಲೆಕ್ಕ ಒಂದಿದೆ. ದೊಡ್ಡದಕ್ಕೆ ಎರಡೋ ಮೂರೋ ವರ್ಷ ಇದ್ದಾಗ ಎರಡನೇ ಮಗು ಬಂದರೆ? ದೊಡ್ಡದು ಅದರಲ್ಲೇ ಮಲಗಿರುತ್ತದೆ. ಚಿಕ್ಕದಕ್ಕೆ ಇನ್ನೊಂದು ಕಾಟ್ ಬೇಕು. ಆಗ ಉಳಿತಾಯ ಎಲ್ಲಿ ಬಂತು? ಬರೀ ಕಾಟ್ ಆಗಿದ್ದರೆ ದೊಡ್ಡದು ದೊಡ್ಡ ಮಂಚಕ್ಕೆ ಹೋಗುತ್ತಿತ್ತು, ಚಿಕ್ಕದು ಕಾಟಿಗೆ ಬರುತ್ತಿತ್ತು. ನಾನು ಆದರೆ ಕೋಣೆ ಚಿಕ್ಕದಿದ್ದರೆ ಕಣ್ಣು ಮುಚ್ಚಿ ಬರೀ ಕಾಟ್ ಅನ್ನುತ್ತೇನೆ. ಜಾಗ ಇದೆ, ಒಂದೇ ಮಗು ಸಾಕು ಅಂತಿದ್ದರೆ ಕಾಟ್ ಬೆಡ್ ಒಳ್ಳೆಯದು.

ತಗೊಂಡರೆ ಮಂಚಕ್ಕೆ ಬೇಕಾಗುವ ಬಿಡಿಭಾಗ ಈಗಲೇ ಪೆಟ್ಟಿಗೆಯಲ್ಲಿ ಇದೆಯಾ ನೋಡಿ. ಕೆಲವದರಲ್ಲಿ ಬೇರೆ ತಗೋಬೇಕು. ಮೂರು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ.

ಕಾಟಿನ ಕೆಳಗೆ ಡ್ರಾಯರ್, ಮೇಲೆ ಬಟ್ಟೆ ಬದಲಿಸುವ ಹಲಗೆ, ದೀಪ, ಸಂಗೀತ, ಇವೆಲ್ಲ ಬೇಡ. ಹಾಸಿಗೆಯ ತಳ ಎತ್ತರ ಬದಲಾಗುತ್ತದಾ ಅನ್ನುವುದೊಂದೇ ನೋಡಿ. ಅದಕ್ಕೆ ಮಾತ್ರ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ಬಗ್ಗುವುದು ನರಕ. ತಳ ಮೇಲಿರಲಿ. ಮಗು ಕೈಯೂರಿ ಏಳಲು ಶುರು ಮಾಡಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಹಿಡಿದು ನಿಲ್ಲುವ ಮೊದಲೇ ಪೂರ್ತಿ ಕೆಳಕ್ಕೆ. ನಿಂತ ಮೇಲೆ ಇಳಿಸೋಣ ಅಂತ ಕಾಯಬೇಡಿ, ಅದು ಹೇಳಿ ನಿಲ್ಲುವುದಿಲ್ಲ. ಹಾಸಿಗೆಯಿಂದ ಮೇಲಿನ ಅಂಚಿಗೆ ಆಗ 50 ಸೆಂಟಿಮೀಟರ್ ಆದರೂ ಇರಬೇಕು. ದಪ್ಪ ಹಾಸಿಗೆ ತಂದರೆ ಆ ಎತ್ತರವೇ ಕಡಿಮೆಯಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ತೂಗುವ ಆಟಿಕೆ ಕಟ್ಟಿದ್ದರೆ ಅದನ್ನೂ ಆ ಹೊತ್ತಿಗೆ ತೆಗೆದುಬಿಡಿ. ಐದು ತಿಂಗಳಾದ ಮೇಲೆ ಹೇಗೂ ಇರಬಾರದು.


ಕಡಲೆಪುರಿ · ಬುಧವಾರ ಬೆಳಿಗ್ಗೆ 10:05

ನನ್ನದೊಂದು ಅಡ್ಡಪ್ರಶ್ನೆ. ಕಾಟೇ ಬೇಡ, ನಮ್ಮ ಮಂಚದಲ್ಲೇ ನಡುವೆ ಮಲಗಿಸಿದರೆ ಆಗಲ್ವಾ? ರಾತ್ರಿ ಹಾಲು ಕೊಡಲು ಎದ್ದು ಎದ್ದು ನನ್ನ ಸೊಂಟ ಬಿದ್ದುಹೋಗಿದೆ. ಮಗು ಪಕ್ಕದಲ್ಲಿ ಇದ್ದರೆ ನನಗೂ ನಿದ್ದೆ, ಅದಕ್ಕೂ ನಿದ್ದೆ.


ರಾತ್ರಿಪಾಳಿ · ಬುಧವಾರ ಬೆಳಿಗ್ಗೆ 11:30

ಪಕ್ಕದಲ್ಲಿ ಇರಲಿ, ಅದೇ ಹಾಸಿಗೆಯಲ್ಲಿ ಬೇಡ. ಕನಿಷ್ಠ ಮೊದಲ ಆರು ತಿಂಗಳು ಮಗು ನಿಮ್ಮ ಕೋಣೆಯಲ್ಲೇ, ನಿಮ್ಮ ಕೈಗೆಟುಕುವ ಹತ್ತಿರದಲ್ಲೇ, ತನ್ನದೇ ಹಾಸಿಗೆಯಲ್ಲಿ ಮಲಗಲಿ ಅನ್ನುವುದು ವೈದ್ಯರ ಸಲಹೆ. ನಿಮ್ಮ ದಿಂಬು, ಹೊದಿಕೆ, ಮೆತ್ತಗಿನ ಹಾಸಿಗೆ, ಇವೇ ಅಪಾಯ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತಗೊಂಡಿದ್ದರೆ, ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅಪಾಯ ತುಂಬಾ ಜಾಸ್ತಿ.

ಆದರೆ ನೀವು ಸುಸ್ತಾಗಿ ಹಾಲು ಕೊಡುತ್ತಾ ನಿದ್ದೆ ಹೋಗುವುದೂ ನಿಜ, ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಹಾಗೆ ಆಗಬಹುದು ಅನಿಸಿದರೆ ಸೋಫಾ ಮೇಲೆ, ಆರಾಮ ಕುರ್ಚಿ ಮೇಲೆ ಕೂತು ಹಾಲು ಕೊಡಬೇಡಿ. ಅಲ್ಲಿ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಮಂಚದಲ್ಲಿ ದಿಂಬು, ಹೊದಿಕೆ ದೂರ ಸರಿಸಿ ಕೊಡಿ. ಎಚ್ಚರ ಆದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಮಲಗಿಸಿ.


ಉಳಿಸುತ್ತಿಗೆ · ಬುಧವಾರ ಮಧ್ಯಾಹ್ನ 12:40

ಕಡಲೆಪುರಿ ಅವರಿಗೆ ಮಂಚಕ್ಕೆ ಅಂಟಿಸಿಕೊಳ್ಳುವ ಚಿಕ್ಕ ಕಾಟ್ ಸಿಗುತ್ತದೆ. ನಿಮ್ಮ ಕಡೆಯ ಪಕ್ಕ ತಗ್ಗಾಗಿರುತ್ತದೆ. ಕೂತಲ್ಲೇ ಕೈ ಚಾಚಿ ಎತ್ತಿಕೊಳ್ಳಬಹುದು. ಆದರೆ ಮಂಚಕ್ಕೂ ಅದಕ್ಕೂ ನಡುವೆ ಒಂದು ಬೆರಳು ಸಂದೂ ಬಿಡದ ಹಾಗೆ ಅದರ ಪಟ್ಟಿ ಬಿಗಿದು ಕಟ್ಟಬೇಕು. ನಿಮ್ಮ ಮಂಚದ ಎತ್ತರಕ್ಕೆ ಅದು ಹೊಂದದಿದ್ದರೆ ತರಲೇಬೇಡಿ. ಅಡಿಗೆ ಇಟ್ಟಿಗೆ ಕೊಟ್ಟು ಎತ್ತರಿಸುವ ಉಪಾಯ ನನಗೆ ಯಾರೂ ಹೇಳಬೇಡಿ, ನೋಡಿ ಸಾಕಾಗಿದೆ. ಮಗು ಕೈಯೂರಿ ಏಳುವ ಹೊತ್ತಿಗೆ ಅದರ ಕೆಲಸ ಮುಗಿಯುತ್ತದೆ. ಆಮೇಲೆ ದೊಡ್ಡ ಕಾಟ್ ಬೇಕೇ ಬೇಕು.


ಮಳೆಹನಿ · ಬುಧವಾರ ರಾತ್ರಿ 9:50

ಎಷ್ಟು ವಿಷಯ ಸಿಕ್ಕಿತು! ಅತ್ತಿಗೆಗೆ ಫೋನ್ ಮಾಡಿ ನಿಧಾನವಾಗಿ ಹೇಳಿದೆ. ಮೊದಲು ಸ್ವಲ್ಪ ಮುನಿಸಿಕೊಂಡರು. ಆಮೇಲೆ ತಾವೇ ಹೋಗಿ ಆ ಪಕ್ಕ ಅಲ್ಲಾಡಿಸಿ ನೋಡಿ, ಒಂದು ಮೂಲೆಯ ಕ್ಲಿಪ್ ಬಿರುಕು ಬಿಟ್ಟಿದೆ ಅಂತ ಫೋಟೋ ಕಳಿಸಿದರು. ಹಾಸಿಗೆ ಆದರೂ ತಗೋ ಅನ್ನುತ್ತಿದ್ದಾರೆ. ನೋಡಲು ಚೆನ್ನಾಗಿಯೇ ಇದೆ.

ಇನ್ನೊಂದು. ನಾವು ಕಾಟ್ ಇಡಬೇಕು ಅಂದುಕೊಂಡಿರುವುದು ಕಿಟಕಿ ಪಕ್ಕ, ಗಾಳಿ ಬರಲಿ ಅಂತ. ಸೊಳ್ಳೆ ಪರದೆಯೂ ಬೇಕು. ಸರಿನಾ?


ರಾತ್ರಿಪಾಳಿ · ಗುರುವಾರ ಬೆಳಿಗ್ಗೆ 7:45

ಹಾಸಿಗೆ ಹೊಸದೇ ತಗೊಳ್ಳಿ. ಹಳೆಯದರ ನಡುವೆ ತಗ್ಗು ಬಿದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಲು, ಮೂತ್ರ ಇಳಿದು ಒಳಗೆ ಬೂಸ್ಟು ಹಿಡಿದಿರಬಹುದು. ಬೇರೆ ಮನೆಯಿಂದ ಬಂದ ಬಳಸಿದ ಹಾಸಿಗೆಯಲ್ಲಿ ಮಲಗಿದ ಶಿಶುಗಳಲ್ಲಿ ಹಠಾತ್ ಸಾವು ಹೆಚ್ಚು ಕಂಡಿದೆ ಅಂತ ಸ್ಕಾಟ್ಲೆಂಡಿನ ಅಧ್ಯಯನ ಒಂದು 2002ರಲ್ಲಿ ಬಂತು. ಹಾಸಿಗೆಯೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ಆದರೂ ಕಾಟಿನ ಇಡೀ ಖರ್ಚಿನಲ್ಲಿ ಹೊಸದಾಗಿ ತರಬೇಕಾದ್ದು ಒಂದೇ ಅಂದರೆ ನಾನು ಹಾಸಿಗೆಯನ್ನೇ ಆರಿಸುತ್ತೇನೆ.

ಫೋಮ್, ಸ್ಪ್ರಿಂಗ್, ತೆಂಗಿನ ನಾರು, ಯಾವುದಾದರೂ ಆಗಬಹುದು. ಗಟ್ಟಿ, ಸಮತಟ್ಟು, ಅಳತೆಗೆ ಸರಿ ಇದ್ದರೆ ಸಾಕು. ನೀರು ಇಳಿಯದ ಕವರ್ ಬಿಗಿಯಾಗಿ ಕೂರುವಂಥದ್ದು ಇರಲಿ. ಅಂಗಡಿಯಿಂದ ಸುತ್ತಿಕೊಂಡು ಬಂದ ತೆಳು ಪ್ಲಾಸ್ಟಿಕ್ಕನ್ನು ಮಾತ್ರ ಕಿತ್ತು ಬಿಸಾಡಿ. ಅದನ್ನೇ ಕವರ್ ಮಾಡಿಕೊಳ್ಳುವವರೂ ಇದ್ದಾರೆ.

ಕಿಟಕಿ ಪಕ್ಕ ಬೇಡ. ಪರದೆಯ ದಾರ, ಬ್ಲೈಂಡಿನ ದಾರ ಮಗುವಿನ ಕತ್ತಿಗೆ ಸುತ್ತಿಕೊಳ್ಳುತ್ತದೆ. ನಿಲ್ಲಲು ಕಲಿತ ಮೇಲೆ ಕಿಟಕಿಗೇ ಹತ್ತುತ್ತದೆ. ಬೇಬಿ ಮಾನಿಟರ್ ಇಟ್ಟರೆ ಅದರ ವೈರ್ ಕಾಟಿನಿಂದ ಮೂರು ಅಡಿ ಆದರೂ ದೂರ ಇರಲಿ. ಒಳಗೋಡೆಗೆ ಆನಿಸಿ ಇಡಿ. ಮೇಲೆ ಫೋಟೋ ಫ್ರೇಮ್, ಶೆಲ್ಫ್ ಇರಬಾರದು.

ಸೆಕೆಯ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ ಕೋಣೆ 16ರಿಂದ 20 ಡಿಗ್ರಿ ಇರಲಿ ಅನ್ನುತ್ತಾರೆ. ಬಿಸಿ ಊರಿನವರು ಆ ಅಂಕಿ ನೋಡಿ ಗಾಬರಿ ಆಗಬೇಡಿ. ಮಗುವಿನ ಎದೆ ಅಥವಾ ಕತ್ತಿನ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈ ಕಾಲು ತಣ್ಣಗಿರುವುದು ಸಹಜ, ಅದನ್ನು ನೋಡಿ ಬಟ್ಟೆ ಹೇರಬೇಡಿ. ಮನೆಯೊಳಗೆ ಮಲಗುವಾಗ ಟೋಪಿ ಬೇಡ.


ಉಳಿಸುತ್ತಿಗೆ · ಗುರುವಾರ ಬೆಳಿಗ್ಗೆ 9:10

ಸೊಳ್ಳೆ ಪರದೆಯನ್ನು ಕಾಟಿನ ಮೇಲೆ ಸಡಿಲವಾಗಿ ಇಳಿಬಿಡಬೇಡಿ. ಚೌಕಟ್ಟಿಗೆ ಬಿಗಿಯಾಗಿ ಎಳೆದು, ಕಂಬಿಯ ಹೊರಗಿನಿಂದ ಕಟ್ಟಿ. ಮಗುವಿನ ಕೈಗೆ ಎಟುಕಬಾರದು. ಹಿಡಿದು ಎಳೆಯುವ ವಯಸ್ಸು ಬಂದ ಮೇಲೆ ಕೋಣೆಯ ಕಿಟಕಿಗೇ ಜಾಲರಿ ಹಾಕಿಸುವುದು ವಾಸಿ.

ಚಕ್ರ ಇರುವುದನ್ನು ತಗೊಂಡರೆ ಬ್ರೇಕ್ ಹಾಕಿ ತಳ್ಳಿ ನೋಡಿ. ನುಣುಪು ನೆಲದ ಮೇಲೆ ಬ್ರೇಕ್ ಹಾಕಿದ ಚಕ್ರವೂ ಜಾರುತ್ತದೆ. ನನಗೆ ಕೇಳಿದರೆ ಚಕ್ರ ಇಲ್ಲದಿರುವುದೇ ಮೇಲು.

ಜೋಡಿಸುವುದನ್ನು ಹೆರಿಗೆಗೆ ಮೊದಲೇ ಮುಗಿಸಿ. ಪೆಟ್ಟಿಗೆಯಲ್ಲಿ ಬಂದ ಬೋಲ್ಟೇ ಬಳಸಬೇಕು, ಮನೆಯಲ್ಲಿದ್ದ ಸ್ಕ್ರೂ ಅಲ್ಲ. ಎಲ್ಲ ಬೋಲ್ಟ್ ಸಡಿಲವಾಗಿ ಕೂರಿಸಿ, ಚೌಕಟ್ಟು ನೆಟ್ಟಗಾದ ಮೇಲೆ ಒಟ್ಟಿಗೆ ಬಿಗಿಯಿರಿ. ಆಮೇಲೆ ಒಳಗೆ ಕೈ ಹಾಕಿ ತಳವನ್ನು ಜೋರಾಗಿ ಒತ್ತಿ, ಪಕ್ಕ ಹಿಡಿದು ಅಲ್ಲಾಡಿಸಿ. ತಿಂಗಳಿಗೊಮ್ಮೆ ಮತ್ತೆ ಬಿಗಿಯಿರಿ. ಮಗು ನಿಂತು ಕುಣಿಯಲು ಶುರು ಮಾಡಿದ ಮೇಲೆ ಬೋಲ್ಟ್ ಬೇಗ ಸಡಿಲ ಆಗುತ್ತದೆ.

ಬಣ್ಣ ಹೊಡೆಸುವ ಆಸೆ ಇದ್ದರೆ ಸೀಸ ಇಲ್ಲದ ಬಣ್ಣ ಅಂತ ಡಬ್ಬಿ ಮೇಲೆ ಬರೆದಿರುವುದನ್ನೇ ತನ್ನಿ. ಹಲ್ಲು ಬರುವಾಗ ಮೇಲಿನ ಅಂಚನ್ನು ಎಲ್ಲ ಮಕ್ಕಳೂ ಕಚ್ಚಿ ಕೆರೆಯುತ್ತವೆ.


ನಿದ್ದೆಗೆಟ್ಟಪ್ಪ · ಗುರುವಾರ ರಾತ್ರಿ 11:25

ಪ್ಯಾಡ್ ಬಿಚ್ಚಿದೆ. ಚೀಲದ ಹೊದಿಕೆ ತಂದೆ. ಕಾಲು ಸಿಕ್ಕಿಕೊಳ್ಳುವುದು ನಿಂತಿದೆ, ತಲೆ ಕುಟ್ಟುವುದು ನಡೆದಿದೆ. ಈಗ ಹೊಸ ಆಟ, ಮಗಳು ಒಂದು ಕಾಲನ್ನು ಮೇಲಿನ ಅಂಚಿಗೆ ಹಾಕಲು ನೋಡುತ್ತಾಳೆ. ತಳ ಪೂರ್ತಿ ಕೆಳಗೇ ಇದೆ. ಮುಂದೇನು?


ಎರಡುಜಡೆ · ಗುರುವಾರ ರಾತ್ರಿ 11:40

ಒಳಗೆ ದೊಡ್ಡ ಗೊಂಬೆ, ದಿಂಬು ಏನಾದರೂ ಇದ್ದರೆ ತೆಗೆಯಿರಿ, ಅವಳಿಗೆ ಅದೇ ಮೆಟ್ಟಿಲು. ನಿಲ್ಲಿಸಿ ಎತ್ತರ ಅಳೆಯಿರಿ. ಸುಮಾರು 89 ಸೆಂಟಿಮೀಟರ್ ದಾಟಿದ್ದರೆ ಕಾಟಿನ ಕಾಲ ಮುಗಿಯಿತು. ಅಷ್ಟಿಲ್ಲದಿದ್ದರೂ ಕಾಲು ಅಂಚು ದಾಟಿದರೆ ಮುಗಿದ ಹಾಗೇ, ಬೀಳುವುದು ತಲೆ ಕೆಳಗಾಗಿ. ಮೇಲೆ ಬಲೆ ಕಟ್ಟಿ ಮುಚ್ಚಬೇಡಿ. ತಗ್ಗಿನ ಮಂಚಕ್ಕೆ ಬದಲಿಸಿ. ನಾಳೆ ಬೆಳಿಗ್ಗೆಯಿಂದ ಇಡೀ ಕೋಣೆಯೇ ಅವಳ ಕಾಟ್ ಅಂದುಕೊಳ್ಳಿ. ಕಪಾಟನ್ನು ಗೋಡೆಗೆ ಬಿಗಿಯಿರಿ, ಪ್ಲಗ್ ಪಾಯಿಂಟ್ ಮುಚ್ಚಿ.


ಮಳೆಹನಿ · ಶುಕ್ರವಾರ ಮಧ್ಯಾಹ್ನ 2:30

ಕೋಣೆಯಲ್ಲಿ ಪೇಪರ್ ಹಾಸಿ ನೋಡಿದೆವು. 140 ಹಿಡಿಸಲಿಲ್ಲ. 120ರ ಬರೀ ಕಾಟ್, ಚಕ್ರ ಇಲ್ಲದ್ದು, ತಳಕ್ಕೆ ಮೂರು ಎತ್ತರ ಇರುವುದು ಆರಿಸಿದ್ದೇವೆ. ಕಂಬಿ ಜಾಗ 5.5 ಬಂತು. ಅಂಗಡಿಯವರು ಪ್ಯಾಡ್ ಸೆಟ್ ಉಚಿತ ಅಂದರು, ಅದರ ಬದಲು ಇನ್ನೊಂದು ಬೆಡ್‌ಶೀಟ್ ಕೊಡಿ ಅಂದೆವು. ಕೊಟ್ಟರು! ಹೊಸ ಹಾಸಿಗೆ ಸ್ವಲ್ಪ ವಾಸನೆ ಬರುತ್ತಿದೆ, ಏನು ಮಾಡಲಿ?


ಉಳಿಸುತ್ತಿಗೆ · ಶುಕ್ರವಾರ ಮಧ್ಯಾಹ್ನ 3:05

ಸುತ್ತಿದ್ದನ್ನು ಬಿಚ್ಚಿ ಗಾಳಿ ಆಡುವ ಕಡೆ ನಿಲ್ಲಿಸಿಡಿ ತಂಗೀ, ವಾಸನೆ ಪೂರ್ತಿ ಹೋದ ಮೇಲೆ ಕವರ್ ಹಾಕಿ. ಕಾಟನ್ನೂ ಈಗಲೇ ಜೋಡಿಸಿ ಹಾಗೇ ಬಿಡಿ, ಬಣ್ಣದ ವಾಸನೆ ಅದರಷ್ಟಕ್ಕೆ ಹೋಗುತ್ತದೆ. ಮತ್ತೆ, ಜೊತೆಗೆ ಬಂದ ಬಾಗಿದ ಕೀಲಿಯನ್ನೂ ಜೋಡಣೆಯ ಕಾಗದವನ್ನೂ ಒಂದು ಕವರಿನಲ್ಲಿ ಹಾಕಿ ತಳದ ಅಡಿಗೆ, ಮಗುವಿನ ಕೈ ಹೋಗದ ಕಡೆ, ಟೇಪಿನಲ್ಲಿ ಅಂಟಿಸಿಡಿ. ತಳ ಇಳಿಸುವ ದಿನ ಮನೆಯೆಲ್ಲ ಹುಡುಕುವುದು ತಪ್ಪುತ್ತದೆ.